ಮೋನಾಕ ಬಾಯಿ ಬಿಟ್ಟದ್ದು

ಇವತ್ತು ಬೆಳಗ್ಗೆ ಸೌದಿಯ ಈ ಥುಕ್ಬಾದಲ್ಲಿ ಧೂಳುಗಾಳಿ. ಕಿಟಕಿ ಮುಚ್ಚಿ, ಕಾಫಿ ಹಿಡಿದುಕೊಂಡು ನಿಂತಿದ್ದೆ. ಕೆಳಗೆ ಕಿರಾಣಿ ಅಂಗಡಿಯ ಮುಂದಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಗಾಳಿ ಎಳೆದುಕೊಂಡು ಹೊರಟಿತ್ತು. ಅದರ ಹಿಂದೆ ಅಂಗಡಿಯವನು. ಇವನು ಹತ್ತಿರ ಬರುವವರೆಗೆ ಅದು ಕಾಯುತ್ತದೆ, ಬಗ್ಗಿದ ಕೂಡಲೇ ಮತ್ತೆ ಓಡುತ್ತದೆ. ಗಾಜಿನ ಈಚೆಗೆ ಒಂದು ಶಬ್ದವೂ ಇಲ್ಲ. ಒಬ್ಬಳೇ ನಿಂತು ನಕ್ಕೆ, ಆಮೇಲೆ ಪಾಪ ಅನ್ನಿಸಿತು, ಆಮೇಲೆ ಪುನಃ ನಕ್ಕೆ. ಇಂಥದ್ದು ಕಂಡಾಗಲೆಲ್ಲ ನನಗೆ ಮೋನಾಕನ ಹಳೆಯ ವಿಡಿಯೋಗಳು ನೆನಪಾಗುತ್ತವೆ.

ಮೋನಾಕ ದಮ್ಮಾಮ್‌ನ ನಮ್ಮ ಕ್ಲಿನಿಕ್ಕಿನ ವ್ಯಾನ್ ಓಡಿಸುವವರು. ಊರು ಬಂಟ್ವಾಳದ ಕಡೆ. ಇಟ್ಟ ಹೆಸರು ಮೊಹಮ್ಮದ್. ಮನೆಯವರ ಬಾಯಲ್ಲಿ ಮೋನು ಆಗಿ, ವಯಸ್ಸು ಬಂದಂತೆ ಗೌರವದ ಬಾಲ ಸೇರಿ ಮೋನಾಕ. ಬೆಳಗ್ಗೆ ಥುಕ್ಬಾದಿಂದ ನನ್ನನ್ನೂ ಫಿಲಿಪೀನ್ಸಿನ ಒಬ್ಬಳು ನರ್ಸನ್ನೂ, ಔಷಧಿ ಕೌಂಟರಿನ ಈಜಿಪ್ಟ್ ಹೆಂಗಸನ್ನೂ ಹತ್ತಿಸಿಕೊಂಡು ಹೊರಡುತ್ತಾರೆ. ನಾನು ಅಲ್ಲಿ ರಿಸೆಪ್ಶನ್ನಿನಲ್ಲಿ ಕೂರುವವಳು. ನನ್ನ ಮನೆಮಾತು ಕೊಂಕಣಿ, ಅವರದ್ದು ಬ್ಯಾರಿ, ಹಾಗಾಗಿ ನಮ್ಮಿಬ್ಬರ ನಡುವೆ ಕನ್ನಡ. ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಊರಿನ ರೂಢಿಯಂತೆ ಅವರಿಗೆ ನಾನು ‘ಬಾಯಮ್ಮ’.

ಆರೇಳು ವರ್ಷಗಳ ಹಿಂದೆ ಅವರು ಮೊಬೈಲಿನಲ್ಲಿ ಪುಟ್ಟ ಪುಟ್ಟ ವಿಡಿಯೋ ಮಾಡಿ ಹಾಕಲು ಶುರು ಮಾಡಿದರು. ಒಂದಕ್ಕೂ ಮಾತಿಲ್ಲ, ಸದ್ದೂ ಇಲ್ಲ. ಅಷ್ಟು ದೊಡ್ಡ ಮೈಯ ಮನುಷ್ಯ ಸೀಟ್ ಬೆಲ್ಟಿನೊಡನೆ ಜಗಳಾಡಿ ಸೋಲುವುದು; ಬಿಸಿ ಖುಬ್ಬೂಸ್ ರೊಟ್ಟಿಯನ್ನು ಕೈಯಿಂದ ಕೈಗೆ ಹಾರಿಸಿ, ತಡೆಯಲಾರದೆ ತಲೆಯ ಮೇಲಿಟ್ಟುಕೊಂಡು ಏನೂ ಆಗದವರಂತೆ ನಡೆದುಹೋಗುವುದು. ಭಾಷೆಯ ಹಂಗಿಲ್ಲದ್ದರಿಂದ ಎಲ್ಲರೂ ನೋಡಿದರು. ಕ್ಲಿನಿಕ್ಕಿಗೆ ಬಂದ ರೋಗಿಗಳು ಕಾಯಿಲೆ ಹೇಳುವ ಮೊದಲು, ರೊಟ್ಟಿಯ ಮನುಷ್ಯ ಇಲ್ಲೇ ಕೆಲಸ ಮಾಡುವುದಂತೆ ಹೌದಾ ಎಂದು ನನ್ನಲ್ಲಿ ವಿಚಾರಿಸುತ್ತಿದ್ದರು. ನಾನೇ ಅವರನ್ನು ಹೆತ್ತವಳಂತೆ ಬೀಗುತ್ತಿದ್ದೆ.

ಯಾಕೆ ಮಾತಾಡುವುದಿಲ್ಲ ಎಂದು ಒಮ್ಮೆ ಕೇಳಿದ್ದೆ. ಅವರ ತಂದೆ ರಾತ್ರಿಯೆಲ್ಲ ಲಾರಿ ಓಡಿಸಿ ಹಗಲು ಮಲಗುವವರಂತೆ. ಮನೆಯಲ್ಲಿ ಮಕ್ಕಳು ಸದ್ದು ಮಾಡುವ ಹಾಗಿಲ್ಲ. ಮಲಗಿದ ತಂದೆಯ ಕಾಲ ಬಳಿ ನಿಂತು ಇವರು ಏನಾದರೊಂದು ಮಾಡುವುದು, ಅಕ್ಕ ಬೀಪಾತುಮ್ಮ ತಲೆವಸ್ತ್ರವನ್ನು ಬಾಯಿಗೆ ತುರುಕಿಕೊಂಡು ನಗುವುದು. ಅಲ್ಲಿಂದ ಬಂದದ್ದು ಆ ವಿದ್ಯೆ. ಸೌದಿಗೆ ಬಂದ ಮೇಲೂ ಪ್ರತಿ ವಿಡಿಯೋ ಮೊದಲು ಅಕ್ಕನಿಗೆ ಹೋಗುತ್ತಿತ್ತು. ಅವಳು ನಕ್ಕರೆ ಮಾತ್ರ ಬೇರೆಯವರಿಗೆ.

ಎರಡು ವರ್ಷಗಳ ಹಿಂದೆ ಸಕ್ಕರೆ ಕಾಯಿಲೆ ಬೀಪಾತುಮ್ಮನ ಕಣ್ಣಿಗೆ ಇಳಿಯಿತು. ಒಂದು ಕಣ್ಣು ಹೋಯಿತು. ಆಪರೇಶನ್ ಮಾಡಿಸಿದರೂ ಇನ್ನೊಂದು ಉಳಿಯಲಿಲ್ಲ. ಆ ದಿನಗಳಲ್ಲಿ ಮೋನಾಕ ವ್ಯಾನಿನಲ್ಲಿ ಕೂಡ ಸುಮ್ಮನಾಗಿಬಿಟ್ಟರು. ಒಂದು ಬೆಳಗ್ಗೆ ಸಿಗ್ನಲ್ಲಿನಲ್ಲಿ ನಿಂತಾಗ ತಾವಾಗಿಯೇ ಹೇಳಿದರು. ಹಿಂದಿನ ದಿನ ಅವರ ಹೊಸ ವಿಡಿಯೋ ಹಾಕಿಕೊಂಡು ಮನೆಯ ಮಕ್ಕಳೆಲ್ಲ ನಗುತ್ತಿದ್ದರಂತೆ. ಏನು ಮಾಡಿದ ಎಂದು ಅಕ್ಕ ಕೇಳಿದಳು. ಬಿದ್ದರು ಎಂದರು ಮಕ್ಕಳು. ಹೇಗೆ ಬಿದ್ದ ಎಂದು ಕೇಳಿದ್ದಕ್ಕೆ, ಸುಮ್ಮನೆ ಬಿದ್ದದ್ದು ಅಂದರು.

‘ಬಿದ್ದ ಅಂತ ಹೇಳಿದ್ರೆ ಯಾರಿಗಾದ್ರೂ ನಗು ಬರ್ತದಾ ಬಾಯಮ್ಮ?’

ಇನ್ನು ಮಾತಿನ ವಿಡಿಯೋ ಮಾಡುವುದು ಎಂದು ನಿಶ್ಚಯಿಸಿದರು. ಸಂಭಾಷಣೆ ನನ್ನದೇ ಆಗಬೇಕೆಂದರು. ನಾನು ಕನ್ನಡ ಸಂಘದ ಪತ್ರಿಕೆಯಲ್ಲಿ ಬರೆಯುವವಳಲ್ಲವೇ. ಇಷ್ಟು ವರ್ಷ ಯಾರೂ ಕೇಳದಿದ್ದುದನ್ನು ಒಬ್ಬರು ಕೇಳಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ಒಂದಿಡೀ ಶುಕ್ರವಾರ ಕೂತು ಬರೆದೆ. ಚಾಲಕನೊಬ್ಬ ದಾರಿ ಬದಿಯಲ್ಲಿ ಚಹಾ ಕುಡಿಯಲು ಹೊರಡುತ್ತಾನೆ, ಫ್ಲಾಸ್ಕಿನ ಮುಚ್ಚಳ ತೆಗೆಯುತ್ತಾನೆ, ನಂತರ ಚಹಾದೊಡನೆ ಮಾತಾಡುತ್ತಾನೆ. ‘ಎಲೈ ಚಹಾವೇ’ ಎಂದೇ ಶುರು. ಬರೆದು ನಾನೇ ಎರಡು ಸಲ ನಕ್ಕಿದ್ದೆ.

ಮೋನಾಕನ ಸ್ವರ ತೀರ ಸಣ್ಣದು. ವ್ಯಾನಿನಲ್ಲಿ ಹರಟುವಾಗ ಅದು ಗೊತ್ತಾಗುತ್ತಿರಲಿಲ್ಲ. ಕ್ಯಾಮೆರಾದ ಮುಂದೆ, ನನ್ನ ಕನ್ನಡವನ್ನು ಹೊತ್ತುಕೊಂಡು ಆ ಸ್ವರ ಹೊರಟಾಗ, ಶಾಲೆಯಲ್ಲಿ ಪಾಠ ಒಪ್ಪಿಸಲು ಎದ್ದುನಿಂತ ಮಗುವಿನ ಹಾಗಾಯಿತು. ವಿಡಿಯೋ ನೋಡಿದ ಈಜಿಪ್ಟ್ ಹೆಂಗಸು ಅವರಿಗೆ ಹುಷಾರಿಲ್ಲವೇ ಎಂದು ನನ್ನನ್ನು ಕೇಳಿದಳು. ಕೆಲವರು, ಹಳೆಯ ಮೋನಾಕನನ್ನು ವಾಪಸ್ ಕೊಡಿ ಎಂದು ಕೆಳಗೆ ಬರೆದರು. ಬಹಳ ಜನ ಏನೂ ಬರೆಯದೆ ಹೋದರು. ನನಗೆ ನಾಲ್ಕು ದಿನ ಅವರ ಮುಖ ನೋಡಲು ಸಂಕೋಚ.

‘ನಿಮ್ಮಕ್ಕ ಏನೆಂದರು?’ ಎಂದು ಕಡೆಗೂ ಕೇಳಿದೆ.

ಮೋನಾಕ ಕನ್ನಡಿಯಲ್ಲಿ ನನ್ನನ್ನು ನೋಡಿದರು. ‘ಆ ಮುಚ್ಚಳ ಕಿರ್ ಕಿರ್ ಅಂತ ತಿರುಗುವಾಗ ಚೆಂದ ನಗು ಬಂತಂತೆ. ಮತ್ತೆ ಯಾರೋ ಮಾಸ್ಟ್ರು ಬಂದು ಮಾತಾಡ್ಲಿಕ್ಕೆ ಶುರು ಮಾಡಿದ್ರಂತೆ.’

ಆ ಮಾಸ್ಟ್ರು ನಾನೇ. ಆದರೂ ಹೇಳಬೇಕಾದ್ದು ಹೇಳಿದೆ: ಎರಡು ಬಗೆ ಮಾಡಿ, ಜನರಿಗೆ ಮೊದಲಿನಂತೆ ಮಾತಿಲ್ಲದ್ದು, ಅಕ್ಕನಿಗೆ ಬೇಕಾದರೆ ಫೋನಿನಲ್ಲಿ ಏನಾದರೂ ಬೇರೆ. ಇಷ್ಟು ಜನರನ್ನು ಯಾಕೆ ಕಳೆದುಕೊಳ್ಳುತ್ತೀರಿ?

‘ಅವಳಿಗೆ ಬೇರೆ ಮಾಡಿದ್ರೆ ಅವಳು ಒಬ್ಬಳೇ ಕೂತು ನಗ್ಬೇಕು’ ಎಂದರು. ‘ಮಕ್ಕಳೊಟ್ಟಿಗೆ ನಗ್ಬೇಕು ಅವಳು. ಅವರು ನಗುವಾಗ್ಲೇ.’

ನಾನು ಮತ್ತೆ ಸಲಹೆ ಕೊಡಲಿಲ್ಲ. ಅವರು ಕಿವಿಗೊಟ್ಟು ತಿರುಗತೊಡಗಿದರು. ಎಲ್ಲಿ ಏನು ಕಿರುಗುಟ್ಟಿದರೂ ನಿಂತು ಕೇಳುವುದು, ಬಾಗಿಲನ್ನು ಎರಡೆರಡು ಸಲ ಹಾಕಿ ನೋಡುವುದು. ಒಮ್ಮೆ ಲಿಫ್ಟಿನ ಸದ್ದಿಗಾಗಿ ಮೇಲೂ ಕೆಳಗೂ ಹೋಗುತ್ತಿದ್ದವರನ್ನು ಕಾವಲಿನವನು ಹಿಡಿದು ವಿಚಾರಿಸಿದನಂತೆ. ತಿಂಗಳು ಕಳೆದ ಮೇಲೆ ಒಂದು ವಿಡಿಯೋ ಬಂತು. ಕ್ಲಿನಿಕ್ಕಿನ ಉದ್ದದ ಓಣಿ, ರೋಗಿಗಳೆಲ್ಲ ಹೋದ ಸಮಯ. ಮೋನಾಕನ ಎಡಗಾಲಿನ ಚಪ್ಪಲಿ ಕುಂಯ್ ಅನ್ನುತ್ತದೆ. ನಿಲ್ಲುತ್ತಾರೆ. ಮೆಲ್ಲಗೆ ಹೆಜ್ಜೆ ಇಡುತ್ತಾರೆ, ಕುಂಯ್. ಬಲಗಾಲಿನಲ್ಲೇ ಕುಪ್ಪಳಿಸಿ ಹೋಗುತ್ತಾರೆ, ಧಪ್ ಧಪ್ ಧಪ್, ಏದುಸಿರು. ಬಾಗಿಲು ತಲುಪಿ, ಗೆದ್ದೆ ಎಂದು ಎಡಗಾಲನ್ನು ಊರಿದರೆ ಸದ್ದೇ ಇಲ್ಲ. ಆಗ ಬಲಗಾಲು ಕುಂಯ್ ಅನ್ನುತ್ತದೆ. ಅಷ್ಟು ದೊಡ್ಡ ಮೈಯಿಂದ ಆ ಸಣ್ಣ ಸ್ವರ, ಅಮ್ಮನನ್ನು ಕರೆಯುವ ಒಂದೇ ಮಾತು: ‘ಉಮ್ಮಾ.’

ಅದನ್ನು ಊರಿಗೆ ಕಳಿಸಿದ ದಿನ ಸಂಜೆ ನಾವು ವ್ಯಾನಿನಲ್ಲಿದ್ದಾಗಲೇ ಕರೆ ಬಂತು. ಪೆಟ್ರೋಲ್ ಬಂಕಿನ ಬದಿಯಲ್ಲಿ ನಿಲ್ಲಿಸಿ ಸ್ಪೀಕರಿಗೆ ಹಾಕಿದರು. ಮೊದಲು ಯಾರ ಮಾತೂ ಕೇಳಿಸಲಿಲ್ಲ. ಒಂದು ಮನೆ ತುಂಬ ನಗು. ಮಕ್ಕಳ ನಗುವಿನ ನಡುವೆ ಒಬ್ಬ ಹೆಂಗಸಿನ ಗೊಗ್ಗರು ನಗು ಎದ್ದು ಬರುತ್ತಿತ್ತು. ಮೋನಾಕ ಅದು ನಿಲ್ಲುವ ತನಕ ಕೇಳಿದರು. ನರ್ಸ್ ಕಿಟಕಿಯ ಕಡೆ ಮುಖ ತಿರುಗಿಸಿದಳು.

ವಿಡಿಯೋ ನೋಡುವುದನ್ನು ಬಿಟ್ಟು ಹೋದವರಲ್ಲಿ ಅರ್ಧ ಜನ ಕೂಡ ವಾಪಸ್ ಬರಲಿಲ್ಲ. ಕ್ಲಿನಿಕ್ಕಿನಲ್ಲಿ ಈಗ ಯಾರೂ ಅವರನ್ನು ಕೇಳಿಕೊಂಡು ಬರುವುದಿಲ್ಲ. ಅದರ ಬಗ್ಗೆ ಅವರು ಮಾತಾಡಿದ್ದು ನಾನು ಕೇಳಿಲ್ಲ.

ಇವತ್ತು ಗಾಳಿಯಿಂದಾಗಿ ವ್ಯಾನ್ ತಡವಾಗಿ ಬಂತು. ನಾವು ಕೂತ ಕೂಡಲೇ ಮೋನಾಕ ಫೋನು ಒತ್ತಿದರು, ಕೇಳಿ ಎಂದರು. ಬೀಪಾತುಮ್ಮ ಕಳಿಸಿದ ಧ್ವನಿ, ಚಿತ್ರವಿಲ್ಲ. ಅಡುಗೆಮನೆ. ಪಾತ್ರೆ ತೊಳೆಯುವ ಸದ್ದು, ನಡುವೆ ಒಂದು ಕೋಳಿ ಕೊಕ್ ಎನ್ನುತ್ತದೆ. ಅವಳು ಶೂ ಶೂ ಎಂದು ಓಡಿಸುತ್ತಾಳೆ. ಬಾಗಿಲು ಹಾಕುತ್ತಾಳೆ, ಉಸ್ಸಪ್ಪಾ ಎಂದು ಕೂರುತ್ತಾಳೆ. ಕೊಕ್. ಪೊರಕೆ ಬೀಸುತ್ತಾಳೆ, ಏನೋ ಉರುಳುತ್ತದೆ, ಮತ್ತೆ ಬಾಗಿಲು. ಉದ್ದಕ್ಕೆ ಮೌನ. ಬಹಳ ಹತ್ತಿರದಿಂದ, ಕಿವಿಯಲ್ಲೇ ಎಂಬಂತೆ: ಕೊಕ್.

ಈಜಿಪ್ಟ್ ಹೆಂಗಸು ಬ್ಯಾಗು ಅಪ್ಪಿಕೊಂಡು ನಕ್ಕಳು. ನಕ್ಕು ನಕ್ಕು ನನಗೆ ಕೆಮ್ಮು ಬಂತು. ಯಾರ ಮನೆಯ ಕೋಳಿ ಎಂದು ಕೇಳಿದೆ.

‘ಕೋಳಿ ಎಲ್ಲಿಂದ ಬಾಯಮ್ಮ? ಅದೂ ಅವಳೇ’ ಎಂದರು ಮೋನಾಕ. ‘ಗೊತ್ತಾಗ್ಲಿಲ್ಲ ಅಲ್ವಾ? ನಿಮ್ಮತ್ರ ಕೇಳ್ಲಿಕ್ಕೆ ಹೇಳಿದ್ಲು.’

ಗೊತ್ತಾಗಲಿಲ್ಲ ಎಂದು ಹೇಳಿ ಎಂದೆ. ಇನ್ನೊಮ್ಮೆ ಹಾಕಿಸಿ, ಈ ಸಲ ಕಣ್ಣು ಮುಚ್ಚಿ ಕೂತೆ.