ಉಪ್ಪು ತುಂಬಿದ ಕೈ

ಬಟ್ಟೆಯನ್ನು ಅವರು ಕೆನ್ನೆಗೆ ಒತ್ತಿ ನೋಡುತ್ತಿದ್ದರು. ನಲವತ್ತು ವರ್ಷ ಹೊಲಿದು ಹೊಲಿದು ಬೆರಳ ತುದಿಗಳು ಜಡ್ಡುಗಟ್ಟಿ, ಪಾಪ್ಲಿನ್ ಯಾವುದು ವಾಯಿಲ್ ಯಾವುದು ಎಂದು ತಿಳಿಯುತ್ತಲೇ ಇರಲಿಲ್ಲ. ಹರಿಹರದ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಅವರನ್ನು ನಾವೆಲ್ಲ ಟೈಲರಕ್ಕ ಎನ್ನುತ್ತಿದ್ದೆವು.

ನಾವು ಎಂದರೆ ದಾವಣಗೆರೆಯ ಐದು ಜನರ ಗೊಂಬೆಯಾಟದ ತಂಡ. ಉತ್ಸವಗಳಿಗೆ ಒಯ್ಯಲು ಹೊಸ ಆಟ ಕಟ್ಟುತ್ತಿದ್ದೆವು. ಅದಕ್ಕೆ ವೇದಿಕೆಯೇ ಇಲ್ಲ. ಬಟ್ಟೆಯಿಂದ ಕಟ್ಟಿದ ಕೋಣೆಯೊಳಗೆ ಎಂಟೇ ಪ್ರೇಕ್ಷಕರು, ಅಜ್ಜಿ ಗೊಂಬೆಯ ಮಂಚದ ಸುತ್ತ ಕೂರುತ್ತಾರೆ. ಆಳೆತ್ತರದ ಅಜ್ಜಿ ಅವರ ನಡುವೆಯೇ ಓಡಾಡುತ್ತಾಳೆ, ಕಡೆಗೆ ಮಲಗಿ, ಒಬ್ಬರ ಕೈ ಹಿಡಿದುಕೊಂಡೇ ಪ್ರಾಣ ಬಿಡುತ್ತಾಳೆ.

ಸೀರೆ ರವಿಕೆ ಹೊಲಿಸಲು ಅಜ್ಜಿಯನ್ನು ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹೋದೆ. ಟೈಲರಕ್ಕ ಟೇಪು ಹಿಡಿಯುವ ಮೊದಲೇ ಪ್ರಶ್ನೆ ಶುರು ಮಾಡಿದರು.

“ಈಯಮ್ಮಗೆ ಯಾವ ಮೊಣಕಾಲು ನೋಯ್ತೈತೆ?”

“ಗೊಂಬೆಗೆ ಎಂಥ ನೋವಕ್ಕಾ?” ಎಂದೆ.

“ನೋವಿಲ್ದಂಗೆ ಯಾರಾದ್ರೂ ಮುದುಕಿ ಆಗ್ತಾರಾ? ನೋಯೋ ಕಡೆ ಸೀರೆ ಎತ್ತಿ ಹಿಡ್ಕೊಂಡು ನಡೀತಾರೆ. ನಾನು ನೆರಿಗೆ ಹೆಂಗೆ ಹಾಕ್ಲಿ, ಹೇಳು ತಂಗಿ.”

ಅಂದಿನಿಂದ ಅಜ್ಜಿ ಎಡಗಾಲು ಕುಂಟತೊಡಗಿದಳು. ಅವರ ಕುತೂಹಲಕ್ಕೆ ಕೊನೆಯೇ ಇರಲಿಲ್ಲ. ಅಜ್ಜಿ ಎಲೆಅಡಿಕೆ ಹಾಕುತ್ತಾಳೋ, ಯಾವ ಸೊಸೆಯ ಮೇಲೆ ಸಿಟ್ಟು, ಗಂಡ ಹೋದದ್ದು ಯಾವಾಗ? ಆಟ ಬರೆದವಳು ನಾನು. ಉತ್ತರ ಹುಡುಕಿ ಹುಡುಕಿ ಸುಸ್ತಾಗಿ, ಒಮ್ಮೊಮ್ಮೆ ರೇಗಿಯೂ ಹೋಗುತ್ತಿತ್ತು. ಆದರೆ ಸಿಕ್ಕಿದ ಉತ್ತರವೆಲ್ಲ ಆಟದೊಳಗೆ ಸೇರಿಕೊಳ್ಳುತ್ತಿತ್ತು.

ಉತ್ಸವಕ್ಕೆ ಒಂದು ವಾರವಿರುವಾಗ ದಾವಣಗೆರೆಯಲ್ಲಿ ಪರಿಚಿತರಿಗೆ ಆಡಿ ತೋರಿಸಿದೆವು. ಅಜ್ಜಿಯ ತಣ್ಣನೆಯ ಮರದ ಕೈ ತಾಕಿದ ತಕ್ಷಣ ಎದುರಿದ್ದ ಹೆಂಗಸು ಬೆಚ್ಚಿ ಕೈ ಕಿತ್ತುಕೊಂಡರು. ಮರುದಿನದ ಆಟದಲ್ಲೂ ಹಾಗೇ ಆಯಿತು. ಪ್ರೇಕ್ಷಕರು ಆ ಕೈ ಹಿಡಿಯದಿದ್ದರೆ ನಮ್ಮ ಆಟವೇ ಇಲ್ಲ. ಅಜ್ಜಿಯನ್ನು ಹೊತ್ತು ಮತ್ತೆ ಹರಿಹರಕ್ಕೆ ಓಡಿದೆ.

ಟೈಲರಕ್ಕ ಆ ಮರದ ಕೈಯನ್ನು ಕೆನ್ನೆಗೆ ಒತ್ತಿಕೊಂಡರು. “ಈಕಿ ಮೊದ್ಲೇ ಸತ್ತೋಗ್ಯಾಳಲ್ಲ!” ಎಂದರು. ಹಳೆಯ ಪಂಚೆಯ ಬಟ್ಟೆಯಲ್ಲಿ ಐದು ಬೆರಳಿನ ಹಸ್ತ ಹೊಲಿದರು. ಬೆನ್ನುನೋವಿಗೆ ಶಾಖ ಕೊಡಲು ಹುರಿಯುವಂತೆ ಬಾಣಲೆಯಲ್ಲಿ ಉಪ್ಪು ಹುರಿದು ಅದರೊಳಗೆ ತುಂಬಿದರು. ಹಿಡಿದು ನೋಡಿದೆ. ಬೆಚ್ಚಗಿತ್ತು, ಹದವಾದ ಭಾರವಿತ್ತು. ನನಗೆ ಅಳುವೇ ಬಂತು.

“ಆಟ ಮುಗಿಯೋದ್ರೊಳಗೆ ಆರಿಬಿಡ್ತದಲ್ಲಕ್ಕಾ?”

“ಎಷ್ಟೊತ್ತಿಗೆ ಸಾಯ್ತಾಳೆ?”

“ಮುಕ್ಕಾಲು ಗಂಟೆಗೆ.”

ಅವರು ನನ್ನನ್ನೇ ನೋಡಿದರು. “ಮತ್ತೆ, ಆರ್ಲಿ ಬಿಡು.”

ಉತ್ಸವದಲ್ಲಿ ಯಾರೂ ಕೈ ಕಿತ್ತುಕೊಳ್ಳಲಿಲ್ಲ. ಹಿಡಿದ ಕೈ ಮೆಲ್ಲಗೆ ಆರುತ್ತ ಬಂತು, ಅಜ್ಜಿ ಹೋದಳು. ದಪ್ಪ ಮೀಸೆಯ ಒಬ್ಬ ಮನುಷ್ಯ ದೀಪ ಹತ್ತಿದ ಮೇಲೂ ಅದನ್ನು ಹಿಡಿದೇ ಕೂತಿದ್ದ. ಹರಿಹರಕ್ಕೆ ಬಂದು ಇದನ್ನು ಹೇಳಿದಾಗ ಟೈಲರಕ್ಕನ ಪ್ರಶ್ನೆ ಸಿದ್ಧವಾಗಿತ್ತು.

“ಆತ ಯಾರ್ನ ಕಳ್ಕೊಂಡಿದ್ನಂತೆ?”

“ಗೊತ್ತಿಲ್ಲಕ್ಕಾ.”

“ಯಾಕ, ಕೇಳ್ಬಾರ್ದಾ? ಅಷ್ಟು ದೂರ ಹೋಗಿ ಏನು ತಿಳ್ಕೊಂಡು ಬಂದೆ ಮತ್ತೆ?” ಎಂದು ಬೈದರು.

ಕಳೆದ ವರ್ಷ ಅವರು ತೀರಿಕೊಂಡ ದಿನ ನಾವು ಬೇರೆ ಊರಿನ ಉತ್ಸವದಲ್ಲಿದ್ದೆವು. ನಾನು ಹರಿಹರ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಪಕ್ಕದಲ್ಲಿ ಕೂತು ಕೈ ಹಿಡಿದೆ, ಪೂರಾ ಆರಿತ್ತು. ಅವರ ಮಗಳನ್ನು ಏನು ಕೇಳುವುದು, ಹೇಗೆ ಕೇಳುವುದು ಎಂದು ಹಿಂಜರಿದೆ. ಆಮೇಲೆ ಕೇಳಿಯೇಬಿಟ್ಟೆ.

“ಕೊನೆಗೆ ಅಕ್ಕನ ಕೈ ಯಾರು ಹಿಡ್ಕೊಂಡಿದ್ರಿ?”

“ನಾನೇ ಹಿಡ್ಕೊಂಡಿದ್ದೆ. ಆರೋ ತನ್ಕ ಬಿಡಬ್ಯಾಡ ಅಂದಿದ್ಲು.”

ಜಡ್ಡುಗಟ್ಟಿದ ಆ ಬೆರಳುಗಳನ್ನು ನನ್ನ ಕೆನ್ನೆಗೆ ಒತ್ತಿಕೊಂಡೆ.