ಹತ್ತು ಎಣಿಸೂತನಕ ಹೋಳಿಗಿ ಹಾಕಬ್ಯಾಡ್ರಿ

ಹೋದ ಶನಿವಾರ ನಮ್ಮ ಫುಪ್ಪಿಯ ಒಂದು ವರ್ಷದ ಪುಣೆ ಓದು, ಆರು ತಿಂಗಳ ಬಸ್ಸಿನ ಧೂಳು, ಎಲ್ಲಾ ಕೂಡಿ ಒಂದು ಶೇಂಗಾ ಹೋಳಿಗಿ ಮ್ಯಾಲೆ ನಿಂತಿತ್ತು.

ನಗಬ್ಯಾಡ್ರಿ. ಹೋಳಿಗಿ ಸಣ್ಣದಿರಲಿಲ್ಲ. ಟಾಂಗಾದ ಗಾಲಿಯಷ್ಟಿತ್ತು. (ಈ ಅಂಕಣ ಓದೋರಿಗೆ ಗೊತ್ತೇ ಐತಿ, ನಾ ಸುಳ್ಳು ಹೇಳೂದಿಲ್ಲ. ಖರೇ ಮಾತನ್ನ ಒಂದೀಟು ಎಳೀತೇನಿ, ಅಷ್ಟ.)

ಫುಪ್ಪಿ ಅಂದ್ರ ನಮ್ಮ ಅಬ್ಬಾನ ತಂಗಿ, ಜೈಬುನ್. ವಿಜಾಪುರದ ಹೆಣ್ಣಮಕ್ಕಳು ಟೀಚರ್ ಆಗ್ಯಾರ, ನರ್ಸ್ ಆಗ್ಯಾರ, ಟೈಪಿಂಗ್ ಕಲತಾರ. ನಮ್ಮ ಫುಪ್ಪಿ ಮಾತ್ರ ಪುಣೆಕ್ಕ ಹೋಗಿ, ಓಣ್ಯಾಗ ಯಾರಿಗೂ ಹೆಸರು ಹೇಳಾಕ ಬರಲಾರದ ಕೋರ್ಸ್ ಮಾಡ್ಕೊಂಡು ಬಂದ್ಳು. ಕೆಲವು ಮಕ್ಕಳು ಕರದ್ರ ಹೊಳ್ಳಿ ನೋಡೂದಿಲ್ಲ, ಮಾತಾಡೂದಿಲ್ಲ, ತಮ್ಮ ಪಾಡಿಗೆ ತಾವು ಇರ್ತಾವಲ್ಲ? ಅಂಥಾ ಮಕ್ಕಳನ್ನ ಮೂರು ನಾಕು ವರ್ಷದಾವು ಇದ್ದಾಗನ ಹುಡುಕಿ, ಮಗ್ಗಲಕ್ಕ ಕುಂತು, ಮಂದಿ ಜೋಡಿ ಬೆರಿಯೂದು ಕಲಸೂ ಕೆಲಸ. ಅದಕ್ಕ ಆಟಿಸಂ ಅಂತಾರಂತ.

"ಆಟ ಆಡೂ ರೋಗೇನು?" ಅಂತ ಕೇಳಿದ್ರು ಅಬ್ಬಾ.

"ರೋಗ ಅಲ್ಲ ಭಾಯಿಜಾನ್. ಮಗೂನ ರೀತಿ ಬ್ಯಾರೆ, ಅಷ್ಟ. ಆಟ ಆಡಸೂದು ನನ್ನ ಕೆಲಸ."

"ಅಂದ್ರ ಪುಣೆತನಕ ಹೋಗಿ ಆಟ ಕಲತ್ ಬಂದೀ? ಅದನ್ನ ನಮ್ಮ ಓಣ್ಯಾಗ ಪುಕ್ಕಟ ಕಲಸ್ತಿದ್ರಲ್ಲ!"

ಕೋರ್ಸಿಗೆ ಒಂದು ಬಾಲ ಇತ್ತು. ಊರಿಗೆ ಬಂದು ಆರು ತಿಂಗಳು ಒಂದು ಮಗೂನ ಜೋಡಿ ಕೆಲಸ ಮಾಡಬೇಕು. ಕಡೀಗೆ ಪುಣೆದಿಂದ ಪರೀಕ್ಷಾ ಮಾಡೂ ಬಾಯಾರು, ಅಂದ್ರ ಮೇಡಮ್ಮು, ಬರತಾರ. ಆ ಮಗು ತಾನಾಗಿ, ಯಾರೂ ಹೇಳಿಕೊಡದ, ಇನ್ನೊಬ್ಬರ ಮಾರಿ ನೋಡಿ ಏನರೆ ಒಂದು ತಿಳಿಸಬೇಕು. ಬಾಯಾರು ಕಣ್ಣಾರೆ ಕಂಡ್ರ ಪಾಸು. ಇಲ್ಲಾಂದ್ರ ಇಲ್ಲ.

ಅಬ್ಬಾ ಫೈಸಲಾ ಕೊಟ್ಟಬಿಟ್ರು. "ಪಾಸಾದ್ರ ಮುಂದ ನೋಡೂಣು. ನಪಾಸಾದ್ರ ಆಟ ಬಂದ್. ಮನ್ಯಾಗ ಹೊಲಿಗಿ ಮಶೀನ್ ಐತಿ."

ಫುಪ್ಪಿಗೆ ಸಿಕ್ಕ ಮಗು ತಿಕೋಟಾದ್ದು. ಹೆಸರು ಗಂಗಾ, ಕರಿಯೂದು ಗಂಗಿ, ಮೂರೂವರಿ ವರ್ಷ. ದ್ರಾಕ್ಷಿ ತ್ವಾಟದ ಮನಿ. ಫುಪ್ಪಿ ಒಬ್ಬಾಕಿನ ಬಸ್ಸಿನ್ಯಾಗ ಹೋಗಬಾರದಂತ ಪ್ರತಿ ಶನಿವಾರ ಮಧ್ಯಾಹ್ನ, ಸಾಲಿ ಬಿಟ್ಟ ಮ್ಯಾಲೆ, ಕಾವಲಿಗೆ ನನ್ನ ಕಳಸ್ತಿದ್ರು. ಹದಿನಾರು ವರ್ಷದ ಹುಡಿಗಿ ಇಪ್ಪತ್ನಾಕು ವರ್ಷದಾಕಿನ್ನ ಕಾಯೂದು! ಬಸ್ಸಿನ್ಯಾಗ ನಾನೂರು ಮಂದಿ, ಎರಡು ಆಡು, ಒಂದು ಕಬ್ಬಿಣದ ಮಂಚ. (ಸಂಪಾದಕರು ನಾನೂರನ್ನ ನಲವತ್ತು ಅಂತ ತಿದ್ದಬಾರದು. ಬೇಕಾದ್ರ ಒಂದು ಆಡು ಕಮ್ಮಿ ಮಾಡ್ರಿ.)

ಗಂಗಿ ಕರದ್ರ ನೋಡೂಕಿ ಅಲ್ಲ. ನಾ ಆಕಿ ಕಿವಿ ಹತ್ರ ತಾಟು ಬಾರಿಸಿ ನೋಡೇನಿ (ಫುಪ್ಪಿ ನನ್ನ ಕಿವಿ ಹಿಂಡಿದ್ಳು). ಹೊಸ್ತಿಲ ಮ್ಯಾಲೆ ಶೇಂಗಾದ ಸಿಪ್ಪಿ ಸಾಲಾಗಿ ಹಚ್ಚಕೋತ ಕುಂತ್ರ ಮುಗೀತು. ಆದ್ರ ಒಳಗ ಶೇಂಗಾದ ಡಬ್ಬಿ ಮುಚ್ಚಳ ತಗದ ಸಪ್ಪಳಾದ್ರ ತ್ವಾಟದ ಆ ತುದಿಯಿಂದ ಓಡಿ ಬರತಿದ್ಳು.

ಫುಪ್ಪಿ ಅದನ್ನ ಹಿಡಕೊಂಡ್ಳು. ಶೇಂಗಾ ಗಾಜಿನ ಬಾಟ್ಲಿಯೊಳಗ ಹಾಕಿ ಮುಚ್ಚಳ ಬಿಗಿ ಮಾಡಿ ಗಂಗಿ ಮುಂದ ಇಟ್ಳು. ಶೇಂಗಾ ಕಾಣತಾವು, ಸಿಗೂದಿಲ್ಲ. ಆಕಿಗೆ ಬೇಕಂದ್ರ ಯಾರಿಗರೆ ತಿಳಿಸಬೇಕು. ನಮ್ಮ ಕೆಲಸ? ಸುಮ್ನ ಕುಂದ್ರೂದು. ಮನಸಿನ್ಯಾಗ ಹತ್ತು ಎಣಿಸೂದು. ಅಲ್ಲೀತನಕ ಕೈಯೂ ಹಚ್ಚಬಾರದು, ಬಾಯಿನೂ ಬಿಡಬಾರದು.

ಇಷ್ಟ! ಒಂದು ವರ್ಷ ಪುಣೆದಾಗ ಇದನ್ನ ಕಲಸ್ಯಾರ. ನನಗೂ ನಗು ಬಂದಿತ್ತು.

ಆದ್ರ ನೀವು ಮಾಡಿ ನೋಡ್ರಿ. ವಿಜಾಪುರ ಜಿಲ್ಲಾದಾಗ ಹತ್ತು ಎಣಿಸೂತನಕ ಬಡಸದ ಕುಂತ ಮನಶ್ಯಾ ಒಬ್ಬರೆ ಇದ್ದಾನೇನು? ನಮ್ಮಲ್ಲಿ ಬಂದೋರಿಗೆ "ಬೇಕೇನ್ರಿ?" ಅಂತ ಕೇಳಿದ್ರ ಅದು ಅಪಮಾನ. ಕೇಳೂದಲ್ಲ, ಹಾಕೂದು. "ಸಾಕು" ಅಂದ್ರ ಇನ್ನೊಂದು ರೊಟ್ಟಿ. ಕೈ ಅಡ್ಡ ಹಿಡದ್ರ ಕೈ ಮ್ಯಾಲೆ ಪಲ್ಯ.

ಈ ವಿದ್ಯಾದಾಗ ತಿಕೋಟಾದಾಗ ಮೊದಲನೇ ನಂಬರು ಗಂಗಿಯ ಅಜ್ಜಿ. ಎಲ್ಲಾರೂ ಆಯಿ ಅಂತಾರ. ಎಡಗಿವಿ ಮಂದ, ಬಲಗಿವಿ ಮೊಂಡ. ಗಂಗಿ ಬಾಟ್ಲಿ ಹಿಡದು ತಿರುವಾಕತ್ತಿದ್ಳೋ ಇಲ್ಲೋ, ಆಯಿ ಕಸಗೊಂಡು ಮುಚ್ಚಳ ತಗದು, ಬಾಯಿಗೆ ಶೇಂಗಾ ಹಾಕಿದ್ಳು.

"ಆಯಿ, ಹತ್ತು ಎಣಸ್ರಿ ಅಂದಿದ್ನಲ್ಲ?" ಅಂದ್ಳು ಫುಪ್ಪಿ.

"ಎಣಸೇನಲ್ಲ. ಒಂದು, ಎರಡು, ಹತ್ತು! ಹಸುಗೂಸಿನ್ನ ಕಾಯಸ್ತೀರೇನ್ರಿ ಅಕ್ಕೋರ? ನಮ್ಮ ಮನ್ಯಾಗ ನಾಯಿನೂ ಕೇಳಿ ಉಂಡಿಲ್ಲ!"

ಗಂಗಿಯ ತಾಯಿ ಶಾಂತವ್ವ ಮೂಲ್ಯಾಗ ನಿಂತು ಸೆರಗು ಬಾಯಿಗೆ ಹಿಡದಿದ್ಳು. ನಗಾಕೋ ಅಳಾಕೋ ನನಗ ತಿಳೀಲಿಲ್ಲ. ಒಮ್ಮೆ ಬಸ್ಸಿಗೆ ಬಿಡಾಕ ಬಂದಾಗ ಅಷ್ಟ ಅಂದಿದ್ಳು, "ಅಕ್ಕೋರ, ಒಂದ ಸಲ 'ಯವ್ವಾ' ಅನ್ಲಿ. ಆಮ್ಯಾಲೆ ಜೀವನಪೂರ್ತಿ ಸುಮ್ನಿದ್ರೂ ನಡೀತೈತಿ."

ಆರು ತಿಂಗಳಾತು. ಗಂಗಿ ಬಾಟ್ಲಿ ತಂದು ಫುಪ್ಪಿಯ ಕೈಯಾಗ ಇಡಾಕ ಕಲತ್ಳು. ಆಮ್ಯಾಲೆ ಇಟ್ಟು ಮಾರಿ ನೋಡಾಕ. ಆದ್ರ ಅದು ಮನಸು ಬಂದಾಗ. "ಕೊಡು" ಅಂತ ಫುಪ್ಪಿ ಸಾವಿರ ಸಲ ಹೇಳಿಕೊಟ್ಟಾಳ. ನನಗ ಕನಸಿನ್ಯಾಗೂ "ಕೊಡು" ಕೇಳಸ್ತಿತ್ತು. ಗಂಗಿ ಬಾಯಿ ಮಾತ್ರ ಬಾಟ್ಲಿ ಮುಚ್ಚಳಕ್ಕಿಂತ ಬಿಗಿ.

ಹೋದ ಶನಿವಾರ ಪುಣೆ ಬಾಯಾರು ಬಂದ್ರು. ಮರಾಠಿ ಮಾತು, ದಪ್ಪ ಚಸ್ಮಾ, ಕೈಯಾಗ ಫಾರ್ಮು, ಪೆನ್ಸಿಲು. ಬಾಟ್ಲಿ ಇಟ್ವಿ. ಕುಂತ್ವಿ. ನಾ ಹತ್ತು ಅಲ್ಲ, ಹತ್ತು ಸಾವಿರ ಎಣಿಸಿದೆ. ಗಂಗಿ ಬಾಟ್ಲಿ ಕಡೆ ನೋಡೇ ಇಲ್ಲ. ಒಂದು ತಾಸು ಹೊಸ್ತಿಲ ಮ್ಯಾಲೆ ಸಿಪ್ಪಿ ಹಚ್ಚಿದ್ಳು, ಎಷ್ಟು ನೆಟ್ಟಗಂದ್ರ ರೇಲ್ವೆದವರು ನೋಡಿ ಕಲೀಬೇಕು. ಬಾಯಾರ ಪೆನ್ಸಿಲು ಅಳ್ಳಾಡಲಿಲ್ಲ. ಫುಪ್ಪಿಯ ಮಾರಿ ಸುಣ್ಣದಂಗ ಆತು. ನನ್ನ ಕಣ್ಣ ಮುಂದ ಹೊಲಿಗಿ ಮಶೀನ್ ಟಕ ಟಕ ಅನ್ನಾಕತ್ತು.

"ಊಟಕ್ಕ ಏಳ್ರಿ" ಅಂದ್ಳು ಆಯಿ. ಪರೀಕ್ಷಾ ಗಿರೀಕ್ಷಾ ಆಕಿಗೆ ಏನು?

ಎಲ್ಲಾರೂ ಸಾಲಾಗಿ ಕುಂತ್ವಿ. ಗಂಗಿ ಬಾಯಾರ ಮಗ್ಗಲಕ್ಕ. ಆಯಿ ಬಾಯಾರಿಗೆ ಒಂದು ಹೋಳಿಗಿ ಹಾಕಿದ್ಳು. ಎರಡು. ಮೂರನೇದಕ್ಕ ಬಾಯಾರು ಎರಡೂ ಕೈ ಅಡ್ಡ ಹಿಡದು "ಪುರೇ, ಪುರೇ!" ಅಂದ್ರು. ಮರಾಠಿಯೊಳಗ ಸಾಕು ಅಂತ.

ಆಯಿ ಒಲಿ ಕಡೆ ಹೊಳ್ಳಿ ಚೀರಿದ್ಳು. "ಶಾಂತವ್ವಾ, ಎಣ್ಣಿ ಇಡಬೇ! ಬಾಯಾರು ಪೂರಿ ಕೇಳಾಕತ್ತಾರ!"

ಪೂರಿ ಬರೂತನಕ ಇರಲಿ ಅಂತ ಮೂರನೇ ಹೋಳಿಗಿ ಹಾಕೇ ಬಿಟ್ಳು. ಮುಂದ ಗಂಗಿ. ಆಕಿ ತಾಟಿನ್ಯಾಗ ಒಂದು ಇತ್ತು, ಮ್ಯಾಲೆ ಇನ್ನೊಂದು ಬಂತು, ತುಪ್ಪ ಬಂತು. ಆಯಿ ಒಂದು ತುಣುಕು ಮುರದು ಬಾಯಿಗೆ ಒಯ್ದಳು.

ಗಂಗಿ ಆ ಕೈ ಹಿಡದ್ಳು. ಅತ್ತಾಗ ಸರಸಿದ್ಳು. ಮಾರಿ ಎತ್ತಿ ಆಯಿಯ ಕಣ್ಣಾಗ ಕಣ್ಣಿಟ್ಟು ಅಂದ್ಳು, "ಒಲ್ಲೆ."

ಶಾಂತವ್ವನ ಕೈಯಾಗಿನ ಸೌಟು ಬಿತ್ತು.

ಆಯಿಗೆ ಮಾತ್ರ ಕೇಳಿಸಲಿಲ್ಲ! ತುಣುಕು ಮತ್ತ ಮುಂದ ಒಯ್ದಳು.

"ಒಲ್ಲೆ!" ಈ ಸಲ ಅತ್ತ ಬಬಲೇಶ್ವರ ಊರಿಗೂ ಕೇಳಿಸಿರಬೇಕು.

"ಯಾರಂದ್ರಬೇ ಅದು?"

"ಅತ್ತೀ, ಗಂಗಿ," ಅಂದ್ಳು ಶಾಂತವ್ವ. "ಗಂಗಿ ಅಂದ್ಳು."

ಆಯಿಯ ಕೈ ಅಲ್ಲೇ ನಿಂತಿತು. ತುಣುಕು ವಾಪಸು ಹೋಳಿಗಿ ಡಬ್ಬಿಗೆ ಹೋತು. ಆ ಮನ್ಯಾಗ ಅರವತ್ತು ವರ್ಷದಾಗ ಹೋಳಿಗಿ ಹಿಂದಕ್ಕ ಹೋದದ್ದು ಅದ ಮೊದಲು.

"ಏನಂದ್ಳು?" ಅಂತ ಬಾಯಾರು ಮರಾಠಿಯೊಳಗ ಕೇಳಿದ್ರು.

"ನಕೋ ಅಂದ್ಳರಿ," ಅಂದೆ ನಾನು. (ಗಣಿತದಾಗ ಹ್ಯಾಂಗರೆ ಇರಲಿ, ಮರಾಠಿಯೊಳಗ ನಾ ಹುಲಿ.)

ಬಾಯಾರು ಫುಪ್ಪಿ ಕಡೆ ನೋಡಿದ್ರು. "ಈ ಮಾತು ನೀ ಕಲಸೀಯೇನು?"

ಹೌದು ಅಂತ ಅಂದಬಿಡಬೇಕಿಲ್ಲೋ? ನಾ ಮೊಣಕೈಯಿಂದ ಚುಚ್ಚಿದೆ. ಫುಪ್ಪಿ ಖರೇನ ಹೇಳಿದ್ಳು. "ಇಲ್ರಿ. ನಾ 'ಕೊಡು' ಕಲಸಾಕತ್ತಿದ್ದೆ."

"ಹಂಗಾದ್ರ ಯಾರು ಕಲಸಿದ್ರು?"

ಎಲ್ಲಾರೂ ಆಯಿ ಕಡೆ ಹೊಳ್ಳಿದ್ವಿ. ಆವಾಗ ತಿಳೀತು ನೋಡ್ರಿ. ಆ ಮನ್ಯಾಗ ಮುಂಜಾನಿಂದ ಸಂಜೀತನಕ ಕೇಳಿಬರೂ ಮಾತು ಯಾವುದು? ತಾಟಿನ ಮುಂದ ಕುಂತ ಬೀಗರು, ಆಳುಗಳು, ಟಪಾಲಿನವ, ನಾವು, ಎಲ್ಲಾರೂ ಕೈ ಅಡ್ಡ ಹಿಡದು ಅನ್ನೂದು ಒಂದ: ಒಲ್ಲೆ, ಒಲ್ಲೆ, ಒಲ್ಲೆ. "ಕೊಡು" ಅಂತ ಆ ಮನ್ಯಾಗ ಯಾರೂ ಅಂದೇ ಇಲ್ಲ. ಅನ್ನಾಕ ಆಯಿ ಬಿಟ್ರಲ್ಲ?

ಬಾಯಾರು ಪೆನ್ಸಿಲು ತಗೊಂಡ್ರು. ಫಾರ್ಮಿನ್ಯಾಗ 'ಮಗು ಏನು ಬೇಡಿತು' ಅಂತ ಒಂದು ಖಾನೆ ಇತ್ತಂತ. ಅದನ್ನ ಹೊಡದು ಹಾಕಿ ಮ್ಯಾಲೆ ಬರದ್ರು: 'ಬೇಡ ಅಂತು. ಕಣ್ಣಿಟ್ಟು ನೋಡಿ, ಎರಡು ಸಲ.' ಕೆಳಗ ಸಹಿ. ಸಹಿ ಮ್ಯಾಲೆ ತುಪ್ಪದ ಹೆಬ್ಬಟ್ಟು.

ಆಮ್ಯಾಲೆ ಬಾಯಾರು ಕಲತದ್ದನ್ನ ಪ್ರಯೋಗ ಮಾಡಿದ್ರು. ತಾಟಿನ ಮ್ಯಾಲೆ ಕೈ ಇಟ್ಟು, ಆಯಿಯ ಮಾರಿ ನೋಡಿ, ಅಚ್ಚ ಕನ್ನಡದಾಗ, "ಒಲ್ಲೆ."

"ಕೂಸಿನ ಮಾತು ಬ್ಯಾರೆ," ಅಂತ ಆಯಿ ನಾಕನೇದು ಹಾಕಿದ್ಳು.

ನಾವು ಹೊಂಡೂ ಮುಂದ ಬಬಲೇಶ್ವರದ ಒಬ್ಬಾಕಿ ಹೆಣ್ಣಮಗಳು ಬಾಗಿಲಾಗ ನಿಂತಿದ್ಳು. ಶಾಂತವ್ವನ ಗೆಳತಿಯಂತ. ಆಕಿ ಮಗನೂ ಕರದ್ರ ಹೊಳ್ಳಿ ನೋಡೂದಿಲ್ಲಂತ. "ಮಂಗಳವಾರ ಬರತೀರೇನ್ರಿ ಅಕ್ಕೋರ?"

ಸಂಜಿಗೆ ಅಬ್ಬಾ ಬಬಲೇಶ್ವರದ ಮಾತೂ ಕೂಡಿ ಎಲ್ಲಾ ಕೇಳಿ, ಫಾರ್ಮನ್ನ ಬೆಳಕಿಗೆ ಹಿಡದು ನೋಡಿದ್ರು, ತುಪ್ಪದ ವಾಸನಿನೂ ನೋಡಿದ್ರು. "ಛಲೋ ಆತು, ಪಾಸಾದಿ. ಇನ್ನ ಇದನ್ನ ಪೆಟಗ್ಯಾಗ ಇಟ್ಟು ಮನ್ಯಾಗ ಕುಂದ್ರು."

ಫುಪ್ಪಿ ಎದ್ದು ನಿಂತ್ಳು. ಅಣ್ಣನ ಮಾರಿ ನೋಡಿದ್ಳು. "ಒಲ್ಲೆ."

ನಾನೂ ಬಾಯಿ ಬಿಡಲಿಲ್ಲ, ಕೈ ಹಚ್ಚಲಿಲ್ಲ. ಮನಸಿನ್ಯಾಗ ಎಣಿಸಿದೆ. ಏಳು. ಎಂಟು. ಒಂಬತ್ತು.

"ಬಬಲೇಶ್ವರದ ಬಸ್ಸು," ಅಂದ್ರು ಅಬ್ಬಾ, "ಎಷ್ಟು ಗಂಟೇಕ್ಕ?"