ಯಾರ ಕಡೆಯವಳೂ ಅಲ್ಲದ ಬೀಗದಕ್ಕ

ಬೆಳಗಿನ ಐದೂ ಮುಕ್ಕಾಲು. ಕಾಲೇಜಿನ ಹಿಂಬದಿ ಕಟ್ಟಡದ ಮೂರನೇ ಮಹಡಿಗೆ ಆಕೆ ಮಂಡಿ ಹಿಡಿದುಕೊಂಡು ಹತ್ತುತ್ತಾರೆ. ಲಿಫ್ಟ್ ಇದೆ, ಕೆಟ್ಟು ನಾಲ್ಕು ವರ್ಷವಾಗಿದೆ. ಬೀಗ ತೆಗೆದರೆ ಒಳಗೆ ಯಂತ್ರಗಳು ತುಂಬಿದ ಎರಡು ಕಬ್ಬಿಣದ ಬೀರು, ಗುಂಯ್‌ಗುಡುವ ಫ್ಯಾನುಗಳು, ಏಸಿಯಿಂದ ತೊಟ್ಟಿಕ್ಕುವ ನೀರಿಗೆ ಇಟ್ಟ ಬಕೆಟ್ಟು. ಬಕೆಟ್ ಚೆಲ್ಲಿ ಬಂದು, ಹಳೆ ಬನಿಯನ್ನಿನ ಚೂರಿನಿಂದ ಬೀರುಗಳ ಧೂಳು ಒರೆಸುತ್ತಾರೆ. ನಿನ್ನೆ ಎಡದಿಂದ ಶುರು ಮಾಡಿದ್ದರು, ಇವತ್ತು ಬಲದಿಂದ.

“ದಿನಾ ಒಂದೇ ಕಡೆಯಿಂದ ಒರೆಸಿದ್ರೆ, ನಮ್ದು ಯಾಕೆ ಕೊನೇಲಿ ಅಂತ ಕಂಪನಿಯವ್ರು ಕೇಳ್ತಾರೆ. ನಗಬೇಡಿ, ಕೇಳಿದ್ದಾರೆ.”

ಊರಿನ ಹನ್ನೊಂದು ಇಂಟರ್ನೆಟ್ ಕಂಪನಿಗಳ ಕೇಬಲ್ಲುಗಳು ಒಂದನ್ನೊಂದು ಕೂಡುವುದು ಈ ಕೋಣೆಯಲ್ಲಿ. ಹನ್ನೆರಡು ವರ್ಷದ ಹಿಂದೆ ಈ ಏರ್ಪಾಡು ಇರಲಿಲ್ಲ. ಎದುರುಬದುರು ಮನೆಗಳಲ್ಲಿ ಬೇರೆಬೇರೆ ಕಂಪನಿಯ ಇಂಟರ್ನೆಟ್ ಇದ್ದರೆ, ಈ ಮನೆಯ ಫೋಟೋ ಸಮುದ್ರ ದಾಟಿ ಯಾವುದೋ ದೇಶಕ್ಕೆ ಹೋಗಿ, ಮತ್ತೆ ಸಮುದ್ರ ದಾಟಿ ಆ ಮನೆ ಸೇರುತ್ತಿತ್ತು. ತಲೆ ಸುತ್ತ ಕೈ ತಂದು ಮೂಗು ಹಿಡಿದ ಹಾಗೆ. ದೊಡ್ಡಾಸ್ಪತ್ರೆಯ ಸ್ಕ್ಯಾನ್ ಚಿತ್ರವೊಂದು ಅದೇ ಊರಿನ ಇನ್ನೊಬ್ಬ ವೈದ್ಯರಿಗೆ ತಲುಪಲು ಇಪ್ಪತ್ತು ನಿಮಿಷ. ಈಗ ಅರ್ಧ ನಿಮಿಷ.

ಕಂಪನಿಗಳನ್ನು ಪುಸಲಾಯಿಸಿ ಒಂದು ಕೋಣೆಗೆ ತಂದವರು ಕಾಲೇಜಿನ ಮೇಷ್ಟ್ರು. ಆದರೆ ಹಾವು ಮುಂಗುಸಿಯಂಥವರು ಒಬ್ಬರ ಕೈಗೆ ಇನ್ನೊಬ್ಬರು ಬೀಗದಕೈ ಕೊಟ್ಟಾರೆಯೇ? ಯಾರ ಕಡೆಗೂ ಸೇರದವರೊಬ್ಬರು ಬೇಕಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹತ್ತೊಂಬತ್ತು ವರ್ಷ ಊರವರ ಮಾತು ಜೋಡಿಸಿ, ಅದು ಮುಚ್ಚಿದ ಮೇಲೆ ಮನೆಯಲ್ಲಿ ಕೂತಿದ್ದ ಈಕೆಯನ್ನು ಮೇಷ್ಟ್ರು ಹುಡುಕಿಕೊಂಡು ಹೋದರು. “ಊರಿನ ಗುಟ್ಟೆಲ್ಲ ಇವರ ಕಿವಿಗೆ ಬಿದ್ದಿದೆ, ಒಂದೂ ಬಾಯಿಂದ ಬಂದಿಲ್ಲ. ಇಂಥವರು ಇನ್ನೆಲ್ಲಿ ಸಿಕ್ತಾರೆ?” ಎನ್ನುತ್ತಾರೆ.

ಅಂದಿನಿಂದ ಆಕೆ ಎಲ್ಲರಿಗೂ ಬೀಗದಕ್ಕ. ಯಾವ ಕಂಪನಿಯವರು ತರಿಸಿದ ಚಹಾವನ್ನೂ ಮುಟ್ಟುವುದಿಲ್ಲ, ಅವರ ಮನೆಗಳ ಮದುವೆಗೂ ಹೋಗುವುದಿಲ್ಲ. “ಒಂದಕ್ಕೆ ಹೋದ್ರೆ ಹನ್ನೊಂದಕ್ಕೂ ಹೋಗ್ಬೇಕು. ಅಷ್ಟು ಮಂಡಿ ಎಲ್ಲಿದೆ ನನ್ಹತ್ರ?”

ಆಕೆಗೆ ಈಗ ಐವತ್ತೆಂಟು ವರ್ಷ. ಈ ವಾರ ಆ ಮಂಡಿಗಿಂತ ಹೆಚ್ಚು ನೋಯಿಸಿದ್ದು ಒಂದು ಪತ್ರ. ಹದಿನಾಲ್ಕು ತಿಂಗಳು ಕೆಲಸವಿಲ್ಲದೆ ಕೂತಿದ್ದ ಅಳಿಯನಿಗೆ ಆರು ತಿಂಗಳ ಹಿಂದೆ, ಹನ್ನೊಂದರಲ್ಲೇ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ಆ ಸುದ್ದಿ ಈಗ ಎಲ್ಲಕ್ಕಿಂತ ದೊಡ್ಡ ಕಂಪನಿಗೆ ಮುಟ್ಟಿದೆ. ಬೀಗದಕೈ ಬೇರೆಯವರಿಗೆ ಹೋಗಬೇಕು, ಇಲ್ಲವಾದರೆ ನಮ್ಮ ಕೇಬಲ್ ಕಿತ್ತುಕೊಂಡು ಹೋಗುತ್ತೇವೆ ಎಂದು ಅವರು ಬರೆದಿದ್ದಾರೆ. ಊರಿನ ಅರ್ಧ ಮನೆಗಳು, ದೊಡ್ಡಾಸ್ಪತ್ರೆ ಕೂಡ, ನಿಂತಿರುವುದು ಆ ಕೇಬಲ್ಲಿನ ಮೇಲೆ. ಅದನ್ನು ಈ ಕೋಣೆಗೆ ತರಿಸಲು ಮೇಷ್ಟ್ರೂ ಆಕೆಯೂ ಮೂರು ವರ್ಷ ಅಲೆದಿದ್ದರು. ಇವತ್ತು ಹನ್ನೊಂದು ಗಂಟೆಗೆ ಸಭೆ.

ಅಳಿಯ ನಿನ್ನೆ ಬಂದು, “ಅತ್ತೆ, ನಾನೇ ಕೆಲಸ ಬಿಡ್ತೀನಿ” ಎಂದಿದ್ದ.

“ನೀವು ಕೆಲಸ ಬಿಟ್ರೆ ನನ್ನ ಮಗಳು ನನ್ನ ಬಿಡ್ತಾಳಾ? ಸುಮ್ನೆ ಡ್ಯೂಟಿಗೆ ಹೋಗಿ.”

ಎಂಟು ಗಂಟೆಗೆ ದೊಡ್ಡ ಕಂಪನಿಯ ತಂತ್ರಜ್ಞ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಬರುತ್ತಾನೆ. ಎತ್ತರಕ್ಕೆ ಅವನನ್ನು ಎಲ್ಲರೂ ಕರೆಯುವುದು ಏಣಿ ಎಂದೇ.

“ಬಾರಪ್ಪ ಏಣಿ. ಕೀಳೋಕೆ ಬಂದ್ಯಾ?”

“ಅಕ್ಕಾ, ಹೊಟ್ಟೆಗೆ ಹಾಕ್ಕೊಳ್ಳಿ. ಪತ್ರ ಬರೆದೋರು ಒಂದು ದಿನಾನೂ ಈ ಮೂರು ಮಹಡಿ ಹತ್ತಿದೋರಲ್ಲ.”

“ಹತ್ತಿದ್ರೆ ಬರೆಯೋಕೆ ಉಸಿರೆಲ್ಲಿ ಇರ್ತಿತ್ತು ಬಿಡು.”

ಸಭೆಗೆ ಮೇಷ್ಟ್ರು, ಕೋಣೆಯಲ್ಲಿ ಆಕೆ ಬರೆದಿಡುವ ದಿನವಹಿ ಪುಸ್ತಕ ಹಿಡಿದೇ ಬರುತ್ತಾರೆ. ಕಳೆದ ತಿಂಗಳ ಒಂದು ಪುಟದಲ್ಲಿ ಅವರ ಬೆರಳಿದೆ. ಅಂದು ಅಳಿಯನ ಕಂಪನಿಯ ಕೇಬಲ್ ಸಡಿಲವಾಗಿ ನಿಂತುಹೋಗಿತ್ತು. ಅಳಿಯ ಫೋನ್ ಮಾಡಿ “ಅತ್ತೆ” ಎಂದಾಗ ಆಕೆ ಹೇಳಿದ್ದು ಇಷ್ಟೇ: “ಅತ್ತೆ ಮನೇಲಿ. ಇಲ್ಲಿ ದೂರು ಬರೆದು ಕಳ್ಸಿ.” ಆ ದೂರು ಬರುವ ತನಕ ನಲವತ್ತು ನಿಮಿಷ ಆ ಕೇಬಲ್ಲನ್ನು ನೋಡುತ್ತ ಕೂತಿದ್ದರು. ಉಳಿದ ಹತ್ತು ಕಂಪನಿಗಳಿಗೆ ಇರುವ ನಿಯಮವೂ ಅದೇ.

ಮೇಷ್ಟ್ರು ಓದಲು ಬಾಯಿ ತೆರೆಯುತ್ತಿದ್ದಂತೆ ಆಕೆ ಪುಟದ ಮೇಲೆ ಕೈಯಿಡುತ್ತಾರೆ. “ಬೇಡ ಸಾರ್. ನಾನು ನೆಟ್ಟಗಿದೀನಿ ಅಂತ ಓದಿ ತೋರಿಸ್ಬೇಕಾದ ದಿನ ಬಂತಲ್ಲ, ಅಲ್ಲಿಗೆ ಮುಗೀತು. ಇವತ್ತು ಇವರು ಕೇಳಿದ್ರು, ನಾಳೆ ಇನ್ನೊಬ್ರು ಕೇಳ್ತಾರೆ.” ಬೀಗದಕೈ ಮೇಜಿನ ಮೇಲಿಡುತ್ತಾರೆ. “ಕೇಬಲ್ ಕೀಳಲ್ಲ ಅಂತ ಇಲ್ಲೇ ಬರೆದುಕೊಡಿ, ಆಮೇಲೆ ತಗೊಳ್ಳಿ.”

ದೊಡ್ಡ ಕಂಪನಿಯವರು ಬರೆದುಕೊಡುತ್ತಾರೆ. ಬೀಗದಕೈ ಸೋಮವಾರದಿಂದ ಗ್ರಂಥಾಲಯದ ನಿವೃತ್ತ ಗುಮಾಸ್ತರೊಬ್ಬರಿಗೆ ಎಂದು ಗೊತ್ತಾಗುತ್ತದೆ.

“ಅವರಿಗೆ ಹೆಣ್ಣುಮಕ್ಕಳಿಲ್ಲ ತಾನೇ?” ಎಂದು ಕೇಳಿ ಆಕೆ ಎದ್ದು ನಿಲ್ಲುತ್ತಾರೆ.

ಮಧ್ಯಾಹ್ನ ಮತ್ತೆ ಮೂರು ಮಹಡಿ. ಹೊಸಬರಿಗೆ ಒಂದು ವಾರ ಜೊತೆಗಿದ್ದು ಕಲಿಸಲು ಬಿಟ್ಟರೆ ಸಾಕು, ಬೇರೇನೂ ಬೇಡ ಎಂದು ಸಭೆಯಲ್ಲಿ ಹೇಳಿ ಬಂದಿದ್ದಾರೆ. ಕುರ್ಚಿಯಲ್ಲಿ ಕೂತು ಕಾಲು ಚಾಚುವಷ್ಟರಲ್ಲಿ ಏಣಿ ಏದುಸಿರು ಬಿಡುತ್ತ ಬಂದು ಹೊಸ್ತಿಲಲ್ಲೇ ನಿಲ್ಲುತ್ತಾನೆ. ಏನೇನೋ ಹೇಳಬೇಕೆಂದು ಬಂದವನಿಗೆ ಹೊಳೆಯುವುದು ಒಂದೇ ಮಾತು.

“ಅಕ್ಕಾ, ನಮ್ಮ ಕೇಬಲ್ ಉಳೀತು.”

“ಹ್ಞೂಂ, ಉಳೀತು. ಒಳಗಾದ್ರೂ ಬಾ, ಹೊರಗಾದ್ರೂ ಹೋಗು. ತಂಪೆಲ್ಲ ಆಚೆ ಹೋಗ್ತಿದೆ.”